ಆಪರೇಷನ್ ಆದ ಕಣ್ಣು ಮತ್ತೆ ಮಬ್ಬಾದರೆ

(ಚಿಕ್ಕಬಳ್ಳಾಪುರ ಜಿಲ್ಲೆಯ ಶರಣ ಬಂಧುಗಳ ಮಾಸಿಕ ಗೋಷ್ಠಿಯಲ್ಲಿ ಕಣ್ಣಿನ ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಅನುಭಾವದ ಗೋಷ್ಠಿಯಲ್ಲಿ ಕಣ್ಣಿನ ಡಾಕ್ಟರಿಗೆ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಿರಬಹುದು. ಗೌರಿಬಿದನೂರು ಕಡೆಯ ಹಿರಿಯರೊಬ್ಬರು ನನ್ನಲ್ಲಿಗೆ ಬಂದದ್ದೇ ಇಷ್ಟಲಿಂಗ ಪೂಜೆಯ ತೊಂದರೆ ಹೇಳಿಕೊಂಡು. ಎರಡು ವರ್ಷದ ಹಿಂದೆ ಶಿಬಿರವೊಂದರಲ್ಲಿ ಪೊರೆ ತೆಗೆಸಿದ್ದರು, ಕಣ್ಣು ಚೆನ್ನಾಗಿಯೇ ಬಂದಿತ್ತು. ಈಚೆಗೆ ಅಂಗೈಯಲ್ಲಿ ಲಿಂಗ ಹಿಡಿದು ನೋಡಿದರೆ ಅದರ ಮೇಲಿನ ಬೆಳಕಿನ ಚುಕ್ಕೆ ಒಡೆದು ಚೆದುರಿದಂತೆ ಕಾಣುತ್ತದೆ ಎಂದರು. ಪೂಜೆಯಲ್ಲಿ ಲೋಪವಾಗಿದೆ ಎಂದು ಅವರು ಕೊರಗುತ್ತಿದ್ದರು. ಮನೆಯವರು ಜ್ಯೋತಿಷಿಯ ಹತ್ತಿರ ಹೋಗಿದ್ದರು. ಅವರು ಶನಿಯ ಕಡೆ ಕೈ ತೋರಿಸಿದ್ದರು. ಪಂಚಾಂಗ ಬೇಡವೆಂದ ಶರಣರ ಮನೆಯಲ್ಲೇ ಹೀಗೆ!

ಅದೇ ತಿಂಗಳು ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕದಲ್ಲಿ ದುಡಿಯುವ ತಾಯಿಯೊಬ್ಬರು ಬಂದರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯುವುದು ಅವರ ಕಾಯಕ. ಎಳೆ ಕಾಣದಾದಾಗ ಅವರನ್ನು ಕಸ ಗುಡಿಸಲು ಹಾಕಿದರು, ಕೂಲಿಯೂ ಕಡಿಮೆಯಾಯಿತು. "ಪೊರೆ ಮತ್ತೆ ಬೆಳ್ಕೊಂಡೈತೆ ಡಾಕ್ಟ್ರೇ, ಇನ್ನೊಂದ್ ಸಲ ಕುಯ್ಬೇಕಾ?" ಎಂದು ಕೇಳಿದರು. ಮತ್ತೆ ಕುಯ್ಯುತ್ತಾರೆಂಬ ಹೆದರಿಕೆಯಿಂದಲೇ ಒಂದು ವರ್ಷ ಸುಮ್ಮನಿದ್ದರಂತೆ.

ಇಬ್ಬರಿಗೂ ಆಗಿದ್ದು ಒಂದೇ. ಅದಕ್ಕೆ ಮತ್ತೆ ಕುಯ್ಯಬೇಕಾಗಿಲ್ಲ.

ನಮ್ಮ ಕಣ್ಣಿನೊಳಗಿನ ಮಸೂರ ಒಂದು ತೆಳುವಾದ ಚೀಲದೊಳಗೆ ಇರುತ್ತದೆ. ಪೊರೆ ಬರುವುದೆಂದರೆ ಆ ಮಸೂರವೇ ಬೆಳ್ಳಗಾಗುವುದು. ಇಂದಿನ ಆಪರೇಷನ್ನಿನಲ್ಲಿ ಚೀಲದ ಮುಂಭಾಗವನ್ನು ತೆರೆದು, ಬೆಳ್ಳಗಾದ ಮಸೂರವನ್ನು ತೆಗೆದು, ಅದೇ ಚೀಲದಲ್ಲಿ ಹೊಸ ಲೆನ್ಸ್ ಕೂರಿಸುತ್ತಾರೆ. ಚೀಲದ ಹಿಂಭಾಗ ಹಾಗೇ ಉಳಿಯುತ್ತದೆ, ಉಳಿಯಲೇಬೇಕು. ಲೆನ್ಸಿಗೆ ಅದೇ ಆಸರೆ. ಆ ಹಿಂಭಾಗ ರೇಷ್ಮೆಗೂಡಿನ ಒಂಟಿ ಎಳೆಗಿಂತ ತೆಳುವಾದದ್ದು. ಎಷ್ಟೇ ಶುಚಿ ಮಾಡಿದರೂ ಚೀಲದ ಅಂಚಿನಲ್ಲಿ ಕೆಲವು ಜೀವಕೋಶಗಳು ಉಳಿದುಬಿಡುತ್ತವೆ. ಅವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಹರಡಿ ಹಿಂಭಾಗವನ್ನು ಮಸುಕು ಮಾಡುತ್ತವೆ. ಲೆನ್ಸ್ ಚೆನ್ನಾಗಿರುತ್ತದೆ, ಅದರ ಹಿಂದಿನ ಪರದೆ ಮಂಜಾಗಿರುತ್ತದೆ. ಆದ್ದರಿಂದ 'ಆಪರೇಷನ್ ಕೆಟ್ಟಿತು' ಎನ್ನುವುದೂ ತಪ್ಪು, 'ಪೊರೆ ಮತ್ತೆ ಬಂತು' ಎನ್ನುವುದೂ ತಪ್ಪು. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 1998ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಐದು ವರ್ಷದೊಳಗೆ ನೂರು ಕಣ್ಣುಗಳಲ್ಲಿ ಸುಮಾರು 28ಕ್ಕೆ ಹೀಗಾಗುತ್ತಿತ್ತು. ಈಗಿನ ಲೆನ್ಸ್‌ಗಳ ಅಂಚಿನ ವಿನ್ಯಾಸದಿಂದ ಕಡಿಮೆಯಾಗಿದೆ, ನಿಂತಿಲ್ಲ.

ನಮ್ಮ ಹಿರಿಯರಿಗೆ ಇದು ಹೊಸದೆನಿಸಲು ಕಾರಣವಿದೆ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರನ್ನು ನೀವೆಲ್ಲ ಬಲ್ಲಿರಿ. ಊರೂರಿಗೆ ಹೋಗಿ ಶಿಬಿರ ನಡೆಸಿ, ಲಕ್ಷಾಂತರ ಬಡವರಿಗೆ ದೃಷ್ಟಿ ಕೊಟ್ಟವರು. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ಲಿಂಗೈಕ್ಯರಾದರು. ಆ ಕಾಲದ ಶಿಬಿರಗಳಲ್ಲಿ ಸಾಮಾನ್ಯವಾಗಿ ಮಸೂರವನ್ನು ಚೀಲದ ಸಮೇತ ತೆಗೆಯುತ್ತಿದ್ದರು. ಚೀಲವೇ ಇಲ್ಲದ ಮೇಲೆ ಮಸುಕಾಗುವ ಮಾತೆಲ್ಲಿ? ಬದಲಿಗೆ ಸೋಡಾಬುಡ್ಡಿ ಕನ್ನಡಕ ಬರುತ್ತಿತ್ತು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಲೆನ್ಸ್ ಇಟ್ಟರು. ಆ ಪದ್ಧತಿ ನಮ್ಮ ಹಳ್ಳಿಯ ಶಿಬಿರಗಳವರೆಗೆ ಬರಲು ದಶಕಗಳೇ ಹಿಡಿದವು. ದಪ್ಪ ಕನ್ನಡಕ ಹೋಯಿತು, ಈ ಮಬ್ಬು ಬಂತು. ನನ್ನನ್ನು ಕೇಳಿದರೆ ಇದು ಲಾಭದ ವ್ಯಾಪಾರವೇ.

ಚಿಕಿತ್ಸೆಗೆ ಯಾಗ್ ಲೇಸರ್ ಎನ್ನುತ್ತಾರೆ. ಯಾಗ ಎಂದು ಕೇಳಿಸಿಕೊಂಡು ಹೋಮ ಮಾಡಿಸಬೇಕೇ ಎಂದವರೂ ಇದ್ದಾರೆ, ಅದೇನೂ ಬೇಡ! ಮೊದಲು ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ಪರೀಕ್ಷಿಸುತ್ತಾರೆ. ಮಬ್ಬಿಗೆ ಕಾರಣ ಇದೇ ಹೌದೇ ಎಂದು ಖಚಿತವಾಗಬೇಕು, ಏಕೆಂದರೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರಪಟಲ ಕೆಟ್ಟಿದ್ದರೂ, ಕಣ್ಣಿನ ಒತ್ತಡ ಹೆಚ್ಚಿ ನರ ಸವೆದಿದ್ದರೂ ಮಬ್ಬಾಗುತ್ತದೆ. ಅದಕ್ಕೆ ಈ ಲೇಸರ್ ಉಪಯೋಗವಿಲ್ಲ. ಆಮೇಲೆ ಮರಗಟ್ಟುವ ಹನಿ ಹಾಕಿ, ಯಂತ್ರದ ಮುಂದೆ ಗದ್ದ ಊರಿ ಕೂರಿಸುತ್ತಾರೆ. ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಮಸುಕಾದ ಪರದೆಯ ನಡುವೆ ಕಿಂಡಿ ತೆರೆಯುತ್ತದೆ. ಕೆಲವೇ ನಿಮಿಷದ ಕೆಲಸ. ಸೂಜಿಯಿಲ್ಲ, ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಅಂದೇ ಮನೆಗೆ ಹೋಗಬಹುದು, ಆದರೆ ಪಾಪೆ ಅಗಲವಾಗಿರುವುದರಿಂದ ಆ ದಿನ ಗಾಡಿ ಓಡಿಸಬೇಡಿ.

ಕಣ್ಣ ಮುಂದೆ ಸೊಳ್ಳೆ ಹಾರಿದಂತೆ ಕೆಲವು ದಿನ ಕಾಣಬಹುದು, ಹೆದರಬೇಡಿ. ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಅದಕ್ಕೆ ಹನಿ ಕೊಡುತ್ತಾರೆ, ತಪ್ಪದೆ ಹಾಕಿ. ಆದರೆ ಮಿಂಚು ಹೊಡೆದಂತಾದರೆ, ಕರಿ ಚುಕ್ಕೆಗಳು ಒಮ್ಮೆಲೇ ಸುರಿದಂತಾದರೆ, ಪರದೆ ಎಳೆದಂತೆ ಒಂದು ಕಡೆ ಕತ್ತಲಾದರೆ ಅಂದೇ ಡಾಕ್ಟರ ಬಳಿ ಓಡಬೇಕು. ಅಪರೂಪಕ್ಕೆ ನರಪಟಲ ಕಳಚುವುದುಂಟು. ಲೇಸರ್ ಆಗಿರದಿದ್ದರೂ, ಆಪರೇಷನ್ ಆದ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದು ಈ ಮಬ್ಬಲ್ಲ, ಕಾಯಬೇಡಿ. ಈ ಮಬ್ಬಿಗೆ ನೋವಿರುವುದಿಲ್ಲ. ಓದು ಮಂಕಾಗುತ್ತದೆ, ರಾತ್ರಿ ಎದುರು ಬಸ್ಸಿನ ದೀಪ ಕಣ್ಣು ಕುಕ್ಕುತ್ತದೆ, ಅಷ್ಟೆ. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು, ಹರಳೆಣ್ಣೆ ಇವುಗಳನ್ನು ದಯವಿಟ್ಟು ಕಣ್ಣಿಗೆ ಬಿಡಬೇಡಿ. ಲೆನ್ಸಿನ ಹಿಂದೆ ಇರುವ ಪರದೆಗೆ ಅವು ತಲುಪುವುದೇ ಇಲ್ಲ, ಸೋಂಕು ಮಾತ್ರ ತರುತ್ತವೆ.

ಇನ್ನು ನಮ್ಮ ಮಠಗಳಿಗೂ ಸಂಘಗಳಿಗೂ ಒಂದು ಮಾತು, ಪೂಜ್ಯರು ಮನ್ನಿಸಬೇಕು. ಶಿಬಿರ ಮಾಡುತ್ತೇವೆ, ಕಪ್ಪು ಕನ್ನಡಕ ಹಾಕಿಸಿ ಸಾಲಾಗಿ ಕೂರಿಸಿ ಫೋಟೋ ತೆಗೆಯುತ್ತೇವೆ, ದಾನಿಗಳಿಗೆ ಶಾಲು ಹೊದಿಸುತ್ತೇವೆ. ಅಲ್ಲಿಗೆ ದಾಸೋಹ ಮುಗಿಯಿತೇ? ಎರಡು ವರ್ಷದ ಮೇಲೆ ಅವರ ಕಣ್ಣು ಹೇಗಿದೆ ಎಂದು ಕೇಳಿದವರೆಷ್ಟು ಜನ? ಹೆಚ್ಚು ಕಷ್ಟ ಹೆಣ್ಣುಮಕ್ಕಳದು. ಗಂಡಸರು ಚಿಂತಾಮಣಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಅತ್ತೆಯ ಕಣ್ಣು ಮಬ್ಬಾದರೆ 'ವಯಸ್ಸಾಯ್ತಲ್ಲ' ಎಂದು ಬಿಡುತ್ತಾರೆ, ಆಕೆಯೂ ಹೇಳಿಕೊಳ್ಳುವುದಿಲ್ಲ.

ಮಠದಲ್ಲಿ ಒಂದು ಪುಸ್ತಕ ಇಡಿ. ಆಪರೇಷನ್ ಆದವರ ಹೆಸರು, ತಾರೀಖು, ಯಾವ ಕಣ್ಣು ಎಂದು ಬರೆಯಿರಿ. ಒಂದು ವರ್ಷಕ್ಕೊಮ್ಮೆ ಕರೆಸಿ, ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮರೆಸಿಬಿಡುತ್ತದೆ. ಮಬ್ಬಿದ್ದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಲೇಸರ್ ಯಂತ್ರ ಎಲ್ಲ ಕಡೆ ಇರುವುದಿಲ್ಲ, ಮೊದಲೇ ವಿಚಾರಿಸಿ. ಅಗತ್ಯಬಿದ್ದರೆ ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ. ಹೋಗುವಾಗ ಆಪರೇಷನ್ ಆದಾಗ ಕೊಟ್ಟ ಕಾರ್ಡ್ ಜೊತೆಗಿರಲಿ, ಲೆನ್ಸಿನ ಚೀಟಿ ಅಂಟಿಸಿರುವುದು ಅದರಲ್ಲೇ.

ಆ ತಾಯಿ ಲೇಸರ್ ಆದ ಮರುವಾರವೇ ಮತ್ತೆ ಎಳೆ ಹಿಡಿಯಲು ಕೂತರು. ಗೌರಿಬಿದನೂರಿನ ಹಿರಿಯರು ಇಲ್ಲೇ ಹಿಂದಿನ ಸಾಲಿನಲ್ಲಿದ್ದಾರೆ, ಬೇಕಾದರೆ ಅವರನ್ನೇ ಕೇಳಿ. ಪ್ರಸಾದ ಮುಗಿಯುವವರೆಗೆ ನಾನು ಪಡಸಾಲೆಯಲ್ಲಿ ಕೂತಿರುತ್ತೇನೆ, ಕಾರ್ಡ್ ತಂದವರು ತೋರಿಸಿ. ಶರಣು.