ಜೀವಕೋಶದ ಬಾಗಿಲುಗಳು



ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ನೀರು ಬಿಡುತ್ತದೆ. ನೀರಿನಲ್ಲಿ ನೆನೆಹಾಕಿದ ಒಣದ್ರಾಕ್ಷಿಯಾದರೋ ಉಬ್ಬಿಕೊಳ್ಳುತ್ತದೆ. ಎರಡಕ್ಕೂ ಕಾರಣ ಒಂದೇ. ಲವಣ ಅಥವಾ ಸಕ್ಕರೆಯ ಸಾಂದ್ರತೆ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಹರಿಯುತ್ತದೆ. ಇದನ್ನೇ ಅಭಿಸರಣ ಎನ್ನುತ್ತೇವೆ.

ಪ್ರತಿಯೊಂದು ಜೀವಕೋಶವನ್ನೂ ಕೋಶಪೊರೆ ಸುತ್ತುವರಿದಿದೆ. ಇದರ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಒಂದು ನ್ಯಾನೋಮೀಟರ್! ಕೊಬ್ಬಿನ ಜಾತಿಯ ಅಣುಗಳ ಎರಡು ಪದರಗಳಿಂದಾದ ಈ ಪೊರೆಯನ್ನು ಆಮ್ಲಜನಕವು ಸುಲಭವಾಗಿ ದಾಟುತ್ತದೆ. ಸೋಡಿಯಂ, ಗ್ಲೂಕೋಸ್ ಮುಂತಾದವುಗಳಿಗೆ ಮಾತ್ರ ಪ್ರೋಟೀನುಗಳೆಂಬ ಬಾಗಿಲುಗಳು ಬೇಕು. ಕೆಲವು ಬಾಗಿಲುಗಳು ಶಕ್ತಿಯನ್ನು ವ್ಯಯಿಸಿ ಕೆಲಸ ಮಾಡುತ್ತವೆ. ಸೋಡಿಯಂ ಪಂಪು ಪ್ರತಿ ಸಲವೂ 3 ಸೋಡಿಯಂ ಅಯಾನುಗಳನ್ನು ಹೊರದೂಡಿ, 2 ಪೊಟಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಬಾಗಿಲಿನಲ್ಲಿ ಹಿಡಿಸದಷ್ಟು ದೊಡ್ಡ ವಸ್ತುಗಳ ಗತಿಯೇನು? ಆಗ ಪೊರೆಯೇ ಒಳಕ್ಕೆ ಮಡಚಿಕೊಂಡು, ಪುಟ್ಟ ಚೀಲವಾಗಿ ಅವುಗಳನ್ನು ಒಳಗೆ ಒಯ್ಯುತ್ತದೆ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಜಿ.ಕೆ.ವಿ.ಕೆ. ಆವರಣದಲ್ಲಿರುವ ಎನ್.ಸಿ.ಬಿ.ಎಸ್. ಸಂಸ್ಥೆಯಲ್ಲಿ ಈ ಬಗ್ಗೆ ಮಹತ್ವದ ಸಂಶೋಧನೆ ನಡೆದಿದೆ. ಅಲ್ಲಿನ ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು, ಆವರೆಗೆ ಚೆನ್ನಾಗಿ ತಿಳಿದಿದ್ದ ಮಾರ್ಗಕ್ಕಿಂತ ಭಿನ್ನವಾದ ಒಂದು ಒಳದಾರಿಯನ್ನು 2002ರಲ್ಲಿ ವಿವರಿಸಿದರು. ಮೇಯರ್ ಅವರಿಗೆ 2012ರ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು.

ಈ ತಿಳಿವಳಿಕೆ ಪರೀಕ್ಷೆಗಷ್ಟೇ ಅಲ್ಲ, ಪ್ರಾಣ ಉಳಿಸುವುದಕ್ಕೂ ಬೇಕು. ಕಾಲರಾ ಬಂದಾಗ ಕರುಳಿನಿಂದ ನೀರು, ಲವಣಗಳು ಧಾರಾಳವಾಗಿ ನಷ್ಟವಾಗುತ್ತವೆ. ಆದರೆ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ಬಿಡುವ ಬಾಗಿಲು ಆಗಲೂ ಕೆಲಸ ಮಾಡುತ್ತಿರುತ್ತದೆ. ಇವೆರಡೂ ಒಳಹೊಕ್ಕರೆ ನೀರು ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಇಂದಿನ ಓ.ಆರ್.ಎಸ್. ಪೊಟ್ಟಣ ಅದೇ ತತ್ತ್ವದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್ ಹಾಗೂ ಬೇರೆ ಎರಡು ಲವಣಗಳು ಇದರಲ್ಲಿವೆ. ಮಗುವಿಗೆ ಭೇದಿಯಾದಾಗ "ಗಟ್ಟಿಯಾಗಿದ್ದರೆ ಒಳ್ಳೆಯದು" ಎಂದು ನೀರು ಕಡಿಮೆ ಹಾಕಿ ಕಲಸುವವರುಂಟು. ಹಾಗೆ ಮಾಡಲೇಬಾರದು. ಉಪ್ಪು ಸೌತೆಕಾಯಿಯ ನೀರನ್ನು ಹೊರಗೆಳೆದಂತೆ, ಗಟ್ಟಿ ದ್ರಾವಣವು ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ, ಕುದಿಸಿ ಆರಿಸಿದ ನೀರನ್ನು ಬಳಸಬೇಕು. ಮಗು ಸುಸ್ತಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದನ್ನು ನಿಮ್ಮ ಮನೆಯವರಿಗೂ ನೆರೆಹೊರೆಯವರಿಗೂ ತಿಳಿಸಿಕೊಡಿ.