ಒಂದು ಲಾಟಿನ ಹಾದಿ: ಏಜೆಂಟ್ ಆಧಾರಿತ ಸಾಫ್ಟ್‌ವೇರ್ ವಿನ್ಯಾಸವನ್ನು ಬರೆದಿಡುವ ಬಗ್ಗೆ

ನಮ್ಮ ಹಾವೇರಿ ಸೀಮೆಯಲ್ಲಿ ಏಜೆಂಟ್ ಎಂದರೆ ಯಾರು ಎಂದು ಕೇಳಿದರೆ ಬ್ಯಾಡಗಿಯ ದಲಾಲಿ ಅಂಗಡಿಯತ್ತ ಕೈ ತೋರಿಸುತ್ತಾರೆ. ರೈತನ ಪರವಾಗಿ ಮಾಲು ಇಳಿಸಿಕೊಳ್ಳುವವನು, ತನ್ನ ವಿವೇಚನೆಯಿಂದ ನಡೆಯುವವನು, ಖರೀದಿದಾರರ ಜೊತೆ ವ್ಯವಹರಿಸುವವನು. ಗಣಕ ವಿಜ್ಞಾನದ ಅರ್ಥವೂ ಇದಕ್ಕೆ ಬಹಳ ದೂರವಿಲ್ಲ. 1993ರಲ್ಲಿ ಯೋವ್ ಶೋಹಮ್ ಏಜೆಂಟ್ ಆಧಾರಿತ ಪ್ರೋಗ್ರಾಮಿಂಗ್ ಕುರಿತು ಬರೆದಾಗಲೂ ನಂಬಿಕೆ, ಆಯ್ಕೆ, ಬದ್ಧತೆ ಎಂಬ ಮನುಷ್ಯರ ಮಾತುಗಳಲ್ಲೇ ಪ್ರೋಗ್ರಾಮನ್ನು ವಿವರಿಸಿದರು. ಇಂಥ ಹಲವು ಏಜೆಂಟ್‌ಗಳು ಕೂಡಿ ನಡೆಸುವ ವ್ಯವಸ್ಥೆಯನ್ನು ಕಟ್ಟುವವರಿಗೆ ನನ್ನದು ಒಂದೇ ಮಾತು. ಕೋಡ್ ಬರೆಯುವುದಕ್ಕಿಂತ ಕಷ್ಟದ ಕೆಲಸ, ಈ ಏಜೆಂಟ್ ಇಲ್ಲಿ ಏಕೆ ಇದ್ದಾನೆ ಎಂಬ ತೀರ್ಮಾನಕ್ಕೆ ಬಂದ ದಾರಿಯನ್ನು ಇನ್ನೊಬ್ಬರಿಗೆ ಕಾಣಿಸುವುದು. ಆ ದಾರಿಯನ್ನು ಎಲ್ಲರೂ ಓದಬಲ್ಲ ಒಂದು ಸಂಕೇತ ಪದ್ಧತಿಯಲ್ಲಿ ಬರೆದಿಡದೆ ಈ ವಿದ್ಯೆಯನ್ನು ಕಲಿಸಲೂ ಆಗದು, ತಿದ್ದಲೂ ಆಗದು.

ಬ್ಯಾಡಗಿಯ ಮೆಣಸಿನಕಾಯಿ ಲಾಟನ್ನೇ ಎದುರಿಗಿಟ್ಟುಕೊಳ್ಳೋಣ. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಆರಂಭವಾದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದು ಏಕೀಕೃತ ವೇದಿಕೆಗೆ ತಂದಿತು. ಮಾಲು ಗೇಟಿನಲ್ಲಿ ದಾಖಲಾಗುತ್ತದೆ, ಲಾಟ್ ನಂಬರ್ ಬೀಳುತ್ತದೆ, ದಲಾಲಿ ಅಂಗಡಿಯ ಮುಂದೆ ಖರೀದಿದಾರರು ಕಾಯಿ ನೋಡುತ್ತಾರೆ, ಗೊತ್ತಾದ ಹೊತ್ತಿನೊಳಗೆ ಟೆಂಡರ್ ದರ ಹಾಕುತ್ತಾರೆ, ಹೆಚ್ಚಿನ ದರ ಘೋಷಣೆಯಾಗುತ್ತದೆ, ರೈತ ಒಪ್ಪಿದರೆ ತೂಕ, ಆಮೇಲೆ ಬಿಲ್ಲು. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಕಾಂಟ್ರಾಕ್ಟ್ ನೆಟ್ ಎಂಬ ಸಂವಾದ ವಿಧಾನ ಇದಕ್ಕೆ ತೀರ ಹತ್ತಿರ. ಒಬ್ಬ ಕರೆ ಕೊಡುತ್ತಾನೆ, ಹಲವರು ಪ್ರಸ್ತಾವ ಕಳಿಸುತ್ತಾರೆ, ಕರೆ ಕೊಟ್ಟವನು ಒಂದನ್ನು ಒಪ್ಪುತ್ತಾನೆ, ಅಥವಾ ಎಲ್ಲವನ್ನೂ ತಿರಸ್ಕರಿಸುತ್ತಾನೆ. 1996ರಲ್ಲಿ ಹುಟ್ಟಿ 2005ರಲ್ಲಿ ಐಇಇಇ ಒಳಗೆ ಸೇರಿದ, ಏಜೆಂಟ್‌ಗಳಿಗೆ ಮಾನಕ ರೂಪಿಸುವ ಫಿಪಾ ಸಂಸ್ಥೆ ಇದನ್ನು ಮಾನಕವಾಗಿಯೂ ಮಾಡಿದೆ. ಹಾಗಾದರೆ ಅದನ್ನೇ ಎತ್ತಿ ಇಲ್ಲಿ ಕೂರಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ, ಏಕೆಂದರೆ ಇಲ್ಲಿ ಕರೆ ಕೊಡುವವರು ಯಾರು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಮಾರುಕಟ್ಟೆ ಸಮಿತಿಯೆಂದು ಹಿಡಿದರೆ ಹೆಚ್ಚಿನ ದರವನ್ನು ಆರಿಸುವಲ್ಲಿಗೆ ಏಜೆಂಟ್‌ನ ಕೆಲಸ ತೀರಿತು. ಒಲ್ಲೆ ಎನ್ನುವ ರೈತನ ಹಕ್ಕನ್ನು ಆಮೇಲೆ ಹೊರಗಿನಿಂದ ತಂದು ಅಂಟಿಸಬೇಕು. ರೈತನೆಂದು ಹಿಡಿದರೆ ಆ ಹಕ್ಕು ವಿನ್ಯಾಸದ ನಡುಮಧ್ಯಕ್ಕೆ ಬರುತ್ತದೆ. ದಲಾಲನೆಂದು ಹಿಡಿದರೆ ಅವನು ಯಾರ ಪರ ಎಂಬ ಪ್ರಶ್ನೆ ಏಳುತ್ತದೆ. ಮೂರು ಉತ್ತರಕ್ಕೆ ಮೂರು ಬೇರೆ ವ್ಯವಸ್ಥೆಗಳು. ಕೋಡ್ ಆದಮೇಲೆ ಈ ಆಯ್ಕೆ ನಡೆದಿತ್ತು ಎಂಬ ಗುರುತೂ ಉಳಿಯುವುದಿಲ್ಲ.

ಈ ಆಯ್ಕೆಗೆ ದಾರಿ ತೋರಿಸುವ ವಿಧಾನಗಳಿಗೇನೂ ಬರವಿಲ್ಲ. ಗಾಯಾ ವಿಧಾನ ಪಾತ್ರಗಳಿಂದ ಹೊರಡುತ್ತದೆ. ಟ್ರೋಪೋಸ್ ಯಾರು ಯಾವುದಕ್ಕಾಗಿ ಯಾರನ್ನು ಅವಲಂಬಿಸಿದ್ದಾರೆ ಎಂದು ಮೊದಲು ಕೇಳುತ್ತದೆ. ರೈತ ಮತ್ತು ದಲಾಲರ ನಡುವಿನ ಮುಂಗಡ ಹಣದ ನಂಟು ಈ ಪ್ರಶ್ನೆಗೆ ಒಡನೆ ಸಿಕ್ಕಿಬೀಳುತ್ತದೆ. ಪಲೆರ್ಮೊದಲ್ಲಿ ಬೆಳೆದ ಪಾಸ್ಸಿ ಕ್ಷೇತ್ರದ ವಿವರಣೆಯಿಂದ ಆರಂಭಿಸಿ ಏಜೆಂಟ್‌ಗಳನ್ನು ಗುರುತಿಸುವತ್ತ ಸಾಗುತ್ತದೆ. ಇವಲ್ಲದೆ ಇಂಜೀನಿಯಾಸ್, ಅಡೆಲ್ಫ್, ಪ್ರೊಮೀಥಿಯಸ್ ಇವೆ. ತೊಡಕೆಂದರೆ ಪ್ರತಿಯೊಂದೂ ತನ್ನದೇ ಮಾತಿನಲ್ಲಿ, ತನ್ನದೇ ಚಿತ್ರದಲ್ಲಿ ಬರೆಯಲ್ಪಟ್ಟಿತ್ತು. ಟ್ರೋಪೋಸ್‌ನ ಮೊದಲ ಹಂತವನ್ನು ತೆಗೆದುಕೊಂಡು ಪಾಸ್ಸಿಯ ಮುಂದಿನ ಹಂತಕ್ಕೆ ಜೋಡಿಸಬಹುದೇ ಎಂದು ಕೇಳಿದರೆ, ಎರಡರ ಅಳತೆಗೋಲೂ ಬೇರೆ. ಇಲ್ಲಿಗೆ ಬೇಕಾದದ್ದು ಸಾಫ್ಟ್‌ವೇರ್ ತಯಾರಿಸುವ ಪ್ರಕ್ರಿಯೆಯನ್ನೇ ಬರೆದಿಡುವ, ಸ್ಪೆಮ್‌ನಂಥ ಸಂಕೇತ ಪದ್ಧತಿ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2002ರಲ್ಲಿ ಇದರ ಮೊದಲ ಆವೃತ್ತಿಯನ್ನೂ 2008ರಲ್ಲಿ ಎರಡನೆಯದನ್ನೂ ಹೊರತಂದಿತು. ಅದರ ಬೇರು ಸರಳ: ಯಾರು, ಯಾವ ಕೆಲಸ ಮಾಡಿ, ಏನನ್ನು ತಯಾರಿಸಿದರು. ಎರಡನೆಯ ಆವೃತ್ತಿ ಒಂದು ಕೆಲಸವನ್ನು ಮಾಡುವ ಬಗೆಯನ್ನೂ, ಅದು ಒಂದು ಯೋಜನೆಯಲ್ಲಿ ಯಾವಾಗ ಬರುತ್ತದೆ ಎಂಬುದನ್ನೂ ಬೇರ್ಪಡಿಸಿತು. ಒಮ್ಮೆ ವಿವರಿಸಿದ ಕೆಲಸವನ್ನು ಹತ್ತು ಕಡೆ ಬಳಸಲು ದಾರಿಯಾದದ್ದು ಇದರಿಂದ.

ಸ್ಪೆಮ್ ಹುಟ್ಟಿದ್ದು ಸಾಮಾನ್ಯ ಸಾಫ್ಟ್‌ವೇರ್‌ಗಾಗಿ, ಏಜೆಂಟ್‌ಗಳ ಲೋಕಕ್ಕೆ ಅದು ಒಗ್ಗದು ಎಂಬ ಆಕ್ಷೇಪಣೆಯಲ್ಲಿ ತಿರುಳಿದೆ. ಕೆಲಸದಿಂದ ಒಂದು ದಾಖಲೆ ಹೊರಬಂತು ಎಂದಷ್ಟೇ ಹೇಳಿದರೆ ಆ ದಾಖಲೆಯೊಳಗೆ ಗುರಿ ಹುಟ್ಟಿತೋ, ಪಾತ್ರ ಹುಟ್ಟಿತೋ, ಸಂವಾದ ಹುಟ್ಟಿತೋ ತಿಳಿಯುವುದಿಲ್ಲ. ಏಜೆಂಟ್ ವಿನ್ಯಾಸದ ಜೀವ ಇರುವುದೇ ಅಲ್ಲಿ. ಸಂಶೋಧಕರಾದ ಸೈಡಿಟಾ, ಕೊಸ್ಸೆಂಟಿನೊ ಮತ್ತು ಅವರ ಜೊತೆಗಾರರು ಈ ಕೊರತೆಯನ್ನು ಒಪ್ಪಿಕೊಂಡೇ ಸ್ಪೆಮ್ ಅನ್ನು ವಿಸ್ತರಿಸಿದರು. ಯಾವ ದಾಖಲೆಯಲ್ಲಿ ಗುರಿ, ಪಾತ್ರಗಳಂಥ ಯಾವ ಮಾದರಿ ಘಟಕ ಹೊಸದಾಗಿ ಹುಟ್ಟಿತು, ಯಾವುದು ಹಿಂದಿನ ಹಂತದಿಂದ ಬಂತು ಎಂಬುದಕ್ಕೂ ಗುರುತು ಕೊಟ್ಟರು. ಇದೇ ಹಾದಿಯಲ್ಲಿ ಐಇಇಇ ಫಿಪಾ 2012ರಲ್ಲಿ ವಿನ್ಯಾಸ ಪ್ರಕ್ರಿಯೆಗಳನ್ನು ದಾಖಲಿಸುವ ಒಂದು ನಮೂನೆಯನ್ನು ಮಾನಕವಾಗಿ ಕೊಟ್ಟಿತು. 2014ರಲ್ಲಿ ಸ್ಪ್ರಿಂಗರ್ ಪ್ರಕಟಿಸಿದ ಕೈಪಿಡಿಯಲ್ಲಿ ಹಲವು ವಿಧಾನಗಳು ಆ ಒಂದೇ ನಮೂನೆಯಲ್ಲಿ ಬಂದವು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ. ಒಬ್ಬ ಅಧ್ಯಾಪಕ ಎರಡು ವಿಧಾನಗಳನ್ನು ಅಕ್ಕಪಕ್ಕ ಇಟ್ಟು, ಯಾವ ತುಣುಕನ್ನು ಎಲ್ಲಿಂದ ತರಬಹುದು ಎಂದು ಹೇಳುವಂತಾಯಿತು. ಆ ನಮೂನೆಯ ಕೊನೆಯ ಭಾಗ ದಾಖಲೆಗಳ ಅವಲಂಬನೆಯನ್ನು ತೋರಿಸುವಂಥದ್ದು. ರೈತನಿಗೆ ಒಪ್ಪಿಗೆ ತಿಳಿಸಲು ಕೊಡುವ ಸಮಯವನ್ನು ನಾಳೆ ಬದಲಾಯಿಸಿದರೆ ಯಾವ ಯಾವ ದಾಖಲೆ ಮತ್ತೆ ತೆರೆಯಬೇಕು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇದೆಲ್ಲ ಕಾಗದದ ಹೊರೆ, ನಾಲ್ವರು ವಿದ್ಯಾರ್ಥಿಗಳ ಒಂದು ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಬೇಕೇ ಎನ್ನುವವರಿದ್ದಾರೆ. ನಮೂನೆಯ ಖಾನೆ ತುಂಬಿಸುವುದಕ್ಕೇ ನಮೂನೆ ಎನ್ನುವುದಾದರೆ ನಾನೂ ಬೇಡ ಎನ್ನುತ್ತೇನೆ. ಆದರೆ ಆ ನಾಲ್ವರು ಕೋರ್ಸ್ ಮುಗಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದ ದಿನ ಅವರ ತಲೆಯಲ್ಲಿದ್ದ ಕಾರಣಗಳೂ ಅವರ ಜೊತೆ ಬಸ್ಸು ಹತ್ತುತ್ತವೆ. ಮುಂದಿನ ವರ್ಷದವರು ಕೋಡ್ ತೆರೆದು, ಇದು ಹೀಗೇಕೆ ಎಂದು ತಿಳಿಯದೆ ಮೊದಲಿನಿಂದ ಬರೆಯುತ್ತಾರೆ. ಸಾಫ್ಟ್‌ವೇರ್ ತಯಾರಿಸುವ ಪ್ರಕ್ರಿಯೆಯೂ ಸಾಫ್ಟ್‌ವೇರ್‌ನಂತೆಯೇ ಬರೆದು ಪರೀಕ್ಷಿಸಬೇಕಾದ ವಸ್ತು ಎಂದು ಲಿಯೋನ್ ಆಸ್ಟರ್‌ವೈಲ್ 1987ರಲ್ಲಿ ವಾದಿಸಿದ್ದು ಇಂಥ ನಷ್ಟಕ್ಕೂ ಅನ್ವಯಿಸುತ್ತದೆ. ಭಾಷಾ ಮಾದರಿಗಳೇ ಈಗ ಏಜೆಂಟ್‌ಗಳಾಗಿ ಕೋಡ್ ಬರೆಯುತ್ತಿರುವಾಗ ಈ ಚಿತ್ರಗಳೇಕೆ ಎಂಬ ಹೊಸ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಬರೆಯುವ ಕೈ ಯಂತ್ರದ್ದಾದಷ್ಟೂ ತೀರ್ಮಾನ ಯಾರದು ಎಂದು ಬರೆದಿಡುವ ಅಗತ್ಯ ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪಣೆ ಬೇರೆ. ಮಾರುಕಟ್ಟೆಯ ಜ್ಞಾನ ಕೈಯಲ್ಲಿ, ಕಣ್ಣಲ್ಲಿ ಇದೆ. ಅದು ಚೌಕ ಮತ್ತು ಬಾಣಗಳಿಗೆ ಬಗ್ಗುವುದಿಲ್ಲ ಎಂಬುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ತಳಿಗಳಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂಬುದಿರಲಿ, ಕಾಯಿ ಮುರಿದು ಹಸಿ ಎಷ್ಟಿದೆ, ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳುವ ಅನುಭವಿಗೆ ಪ್ರಯೋಗಾಲಯದ ಬಣ್ಣದ ಅಂಕಿ ಪೂರ್ತಿ ಬದಲಿಯಾಗದು. ನಿಜ. ಆದರೆ ಸ್ಪೆಮ್ ಆ ಜ್ಞಾನವನ್ನು ಹಿಡಿಯುತ್ತೇನೆ ಎನ್ನುವುದಿಲ್ಲ. ಆ ಜ್ಞಾನವುಳ್ಳವರು ವಿನ್ಯಾಸದ ಯಾವ ಕೆಲಸದಲ್ಲಿ, ಯಾವ ಪಾತ್ರದಲ್ಲಿ ಕುಳಿತಿದ್ದರು ಎಂದು ದಾಖಲಿಸುತ್ತದೆ. ಹಮಾಲರು, ರೈತರು, ದಲಾಲರು ಯಾರೂ ಇಲ್ಲದ ಕ್ಷೇತ್ರ ವಿವರಣೆ ಎಂಥದು ಎಂಬುದು ಚಿತ್ರ ನೋಡಿದ ಕೂಡಲೇ ಬಯಲಾಗುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿಯಲ್ಲಿ ರೈತರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ತಿರುಗಿ ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೆ ಸಾಫ್ಟ್‌ವೇರ್ ಕಾರಣವೆಂದು ನಾನು ಹೇಳುತ್ತಿಲ್ಲ. ಒಂದು ಲಾಟಿನ ಬೆಲೆ ಒಂದು ಮನೆಯ ವರ್ಷದ ದುಡಿಮೆ ಎಂಬುದನ್ನು ಆ ದಿನ ತೋರಿಸಿತು. ಅಂಥ ಕಡೆ ದರ ಹೇಳುವ ಏಜೆಂಟ್‌ನನ್ನು ಕೂರಿಸುವವರು, ಈ ದರ ಏಕೆ ಎಂದು ಕೇಳಿದ ರೈತನಿಗೆ ವಿನ್ಯಾಸದ ಮೊದಲ ಪುಟದವರೆಗೂ ಹಿಂದಕ್ಕೆ ನಡೆದು ಉತ್ತರ ತೋರಿಸಲು ಬದ್ಧರು.

ಆದ್ದರಿಂದ ಈ ಸಂಕಿರಣದಲ್ಲಿ ಇಡೀ ಮಾರುಕಟ್ಟೆಗೆ ಕೈ ಹಾಕುವುದು ಬೇಡ. ಟೆಂಡರ್ ಘೋಷಣೆಯಾದ ಹೊತ್ತಿನಿಂದ ರೈತ ಒಪ್ಪುವ ಅಥವಾ ಒಲ್ಲೆನ್ನುವ ಹೊತ್ತಿನವರೆಗಿನ ಒಂದು ತುಣುಕು ಸಾಕು. ಒಂದು ತಂಡ ಅದನ್ನು ಟ್ರೋಪೋಸ್ ದಾರಿಯಲ್ಲಿ, ಇನ್ನೊಂದು ಪಾಸ್ಸಿ ದಾರಿಯಲ್ಲಿ ವಿನ್ಯಾಸ ಮಾಡಿ, ಎರಡೂ ತಮ್ಮ ಪ್ರಕ್ರಿಯೆಯನ್ನು ಒಂದೇ ನಮೂನೆಯಲ್ಲಿ ಬರೆಯಲಿ. ಆಮೇಲೆ ರಾಣೆಬೆನ್ನೂರಿನಿಂದ ಬಂದಿರುವ ವಿದ್ಯಾರ್ಥಿಗಳು ಅದೇ ತುಣುಕನ್ನು ತಮ್ಮ ಹೈಬ್ರಿಡ್ ಬೀಜೋತ್ಪಾದನೆಗೆ, ಅಂದರೆ ಕಂಪನಿ, ಆರ್ಗನೈಜರ್, ಬೆಳೆಗಾರರ ನಡುವಿನ ಒಪ್ಪಂದಕ್ಕೆ ಹಚ್ಚಿ ನೋಡಲಿ. ಅಲ್ಲಿ ಬೀಜ ತಿರಸ್ಕರಿಸುವ ಹಕ್ಕು ಇರುವುದು ಕೊಳ್ಳುವವನ ಕೈಯಲ್ಲಿ. ಬ್ಯಾಡಗಿಯಲ್ಲಿ ಮಾರುವವನ ಕೈಯಲ್ಲಿದ್ದ ತಿರಸ್ಕಾರದ ಬಾಣವನ್ನು ಚಿತ್ರದಲ್ಲಿ ತಿರುಗಿಸಿದಾಗ ಯಾವ ದಾಖಲೆಗಳು ಹಾಗೇ ನಿಲ್ಲುತ್ತವೆ, ಯಾವುವು ಕುಸಿಯುತ್ತವೆ ಎಂಬುದನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಕುಳಿತು ಚರ್ಚೆ ಆರಂಭಿಸೋಣ.