ಸಹಿ ಹೆಂಡತಿಯದು, ಸಾಲ ಮನೆಯದು



ನಾನು ಮೇಷ್ಟರಾಗಿದ್ದಾಗ ಹುಡುಗಿಯೊಬ್ಬಳು ಮಂಗಳವಾರ ಬಂತೆಂದರೆ ಶಾಲೆಗೆ ತಪ್ಪಿಸುತ್ತಿದ್ದಳು. ಏಕೆಂದು ಕೇಳಿದೆ. “ಅವತ್ತು ಕಂತಿನವರು ಬರ್ತಾರ ಸರ. ಅವ್ವ ಹಿತ್ತಲಾಗ ಕುಂತಿರ್ತಾಳ. ಆಕಿ ಇಲ್ಲ ಅಂತ ಹೇಳಾಕ ನಾನು ಬಾಗಿಲಾಗ ನಿಂದ್ರಬೇಕು” ಎಂದಳು. ಸುಳ್ಳಾಡಬಾರದೆಂದು ಪಾಠ ಹೇಳುವ ನಾನು ಸುಮ್ಮನಾದೆ.

ಗುಂಪಿನ ಸಾಲಕ್ಕೆ ಸಹಿ ಹೆಂಡತಿಯದು. ಹಣ ಹೋದದ್ದೆಲ್ಲಿಗೆ? ಗಂಡನ ಔಷಧಿಗೆ, ಮಗನ ಫೀಜಿಗೆ, ಅಂಗಡಿಯ ಮಾಲಿಗೆ. ಕಂತು ತಪ್ಪಿದ ದಿನ ಮಾತ್ರ ಅದು “ನಿನ್ನ ಸಾಲ”! ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಜಗಳ ನೆರೆಮನೆಗೂ ಹಬ್ಬುತ್ತದೆ.

ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮ ಕೇಳಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ವರಮಾನದ ಕುಟುಂಬಕ್ಕೆ ಇಂಥ ಸಾಲ ಕೊಡುವಾಗ, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ಮೀರಬಾರದು. ವಸೂಲಿಗೆಂದು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಬಾರದು, ಬೈಯಬಾರದು, ನೆಂಟರನ್ನು ಪೀಡಿಸಬಾರದು. ನೋಂದಣಿಯಿಲ್ಲದೆ ಸಾಲ ಕೊಟ್ಟು ಹಿಂಸಿಸುವವರಿಗೆ 10 ವರ್ಷದವರೆಗೆ ಸೆರೆವಾಸವೆಂದು ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿತು.

ಆದರೆ ಕಾನೂನು ಬರುವುದು ಬಾಗಿಲವರೆಗೆ. ಒಳಗಿನ ಕೆಲಸ ನಮ್ಮದೇ. ಇಂದು ರಾತ್ರಿ ಗಂಡ ಹೆಂಡತಿ ಕೂಡಿ ಕುಳಿತು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಕಂತು ಅರ್ಧ ಮೀರಿದ್ದರೆ ಆ ಹಾಳೆ ಹಿಡಿದು, ಗುಂಪಿನವರೆಲ್ಲ ಒಟ್ಟಾಗಿ ಸಾಲ ಕೊಟ್ಟವರ ಕಚೇರಿಗೆ ಹೋಗಿ ವಾಯಿದೆ ಕೇಳೋಣ. ಹೆಂಗಸನ್ನು ಒಬ್ಬಳೇ ಕಳಿಸಬೇಡಿ.

ಮಗಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಮಂಗಳವಾರವೂ ಶಾಲೆಗೆ ಕಳಿಸಿ.